ಪಾರ್ಸಲಪ್ಪನವರ ಮರ್ಯಾದಸ್ಥ ಒಲೆ

ಬ್ರಹ್ಮಗಂಟು ಎಂದರೆ ಏನೆಂದು ಆ ಊರಿನಲ್ಲಿ ಯಾರಾದರೂ ಕೇಳಿದರೆ ಜನ ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನತ್ತ ಬೆರಳು ತೋರಿಸುತ್ತಿದ್ದರು. ಅಲ್ಲಿ ಕೂತವರು ಬಟ್ಟೆ ಸುತ್ತಿ, ಹುರಿ ಬಿಗಿದು, ಅಂಟುಕಾಗದ ಹಚ್ಚಿ, ಮೇಲೆ ಅರಗು ಸುರಿದು ಮುದ್ರೆ ಒತ್ತಿದರೆಂದರೆ ಆ ಪಾರ್ಸಲಿನೊಳಕ್ಕೆ ನೀರು ಹೋಗುತ್ತಿರಲಿಲ್ಲ, ಇರುವೆ ಹೋಗುತ್ತಿರಲಿಲ್ಲ, ಕೆಲವೊಮ್ಮೆ ಪಡೆದುಕೊಂಡವರ ಕೈಯೂ ಹೋಗುತ್ತಿರಲಿಲ್ಲ. ಅವರ ಸ್ವಂತ ಹೆಸರು ಹಾಜರಿ ಹಾಕುವಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ಹೊತ್ತಿನಲ್ಲೆಲ್ಲ ಅವರು ಊರಿಗೆ ಪಾರ್ಸಲಪ್ಪನವರು.

ಇಂಥವರು ಚಳಿಗಾಲಕ್ಕೆ ಸ್ವಂತ ಮನೆಯನ್ನು ಹೇಗೆ ಸಿದ್ಧಪಡಿಸಿರಬೇಕು, ನೀವೇ ಊಹಿಸಿ. ಹಳೇ ಕಂಬಳಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಕಿಟಕಿಯ ಸಂದಿಗಳಿಗೆಲ್ಲ ತುರುಕಿದರು. ಮೇಲೆ ಎರಡು ಪದರ ಅಂಟುಕಾಗದ. ಅದರ ಮೂಲೆಮೂಲೆಗೂ ಅರಗು. ಆಮೇಲೆ ಬಂದವರನ್ನೆಲ್ಲ ಕೂರಿಸುವ ಮೊದಲೇ ಒಂದು ಮೇಣದಬತ್ತಿ ಹಚ್ಚಿ, ಕಿಟಕಿಯ ಉದ್ದಕ್ಕೂ ಮೆಲ್ಲಗೆ ಸರಿಸುತ್ತ, "ನೋಡಿ, ಅಲ್ಲಾಡುತ್ತಾ? ಅಲ್ಲಾಡಲ್ಲ! ಒಂದೆಳೆ ಗಾಳಿ ಬರಲ್ಲ ನಮ್ಮನೇಲಿ" ಎನ್ನುತ್ತಿದ್ದರು. ಬಂದವರು ಆ ಮಾತಿಗೆ ತಲೆದೂಗದೆ ಚಹಾ ಬರುತ್ತಿರಲಿಲ್ಲ.

ಈ ಸಂಭ್ರಮಕ್ಕೆಲ್ಲ ಕಾರಣ ಅವರ ಅತ್ತೆ. ಲೋಕದ ಅಳಿಯಂದಿರು ಅತ್ತೆ ಬರುತ್ತಾರೆಂದರೆ ಹೊರಗೆ ಕೆಲಸ ಹುಡುಕಿಕೊಳ್ಳುತ್ತಾರೆ. ಪಾರ್ಸಲಪ್ಪನವರು ಮಾತ್ರ ಅತ್ತೆ ಬರಲೆಂದು ಹಂಬಲಿಸುತ್ತಿದ್ದ ಅಪರೂಪದ ಪ್ರಾಣಿ. ಅವರ ಬಳಿ ಒಂದು ಜೋಕಿತ್ತು. ಒಬ್ಬ ಬುಟ್ಟಿಯಲ್ಲಿ ಕೋಳಿ ತಂದು ಪಾರ್ಸಲ್ ಮಾಡಿ ಎಂದನಂತೆ. "ಒಡೆಯೋ ಸಾಮಾನು ಏನಾದ್ರೂ ಇದೆಯೇನಪ್ಪಾ?" ಎಂದು ಇವರು ಕೇಳಿದರಂತೆ. "ಈಗಿಲ್ಲ ಸಾರ್, ತಲುಪೋ ಹೊತ್ತಿಗೆ ಇರಬಹುದು" ಎಂದನಂತೆ. ಈ ಜೋಕಿಗೆ ಹೆಂಡತಿ ನಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕಚೇರಿಯಲ್ಲಿ "ಕೋಳಿ" ಎಂಬ ಶಬ್ದ ಬಂದೊಡನೆ ಜನ ಊಟಕ್ಕೆ ಏಳುತ್ತಿದ್ದರು. ಅತ್ತೆಯೊಬ್ಬರೇ ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಂಥ ಅತ್ತೆಯನ್ನು ಯಾವ ಅಳಿಯ ತಾನೇ ಬಿಟ್ಟುಕೊಟ್ಟಾನು?

ಆದರೆ ಅತ್ತೆಗೆ ಮಂಡಿನೋವು. ಬೆಚ್ಚಗಿರುವ ಮನೆಯಲ್ಲೇ ಚಳಿಗಾಲ ಕಳೆಯಬೇಕು. ಅವರ ಮಗನಿಗೆ, ಅಂದರೆ ಪಾರ್ಸಲಪ್ಪನವರ ಭಾವಮೈದನಿಗೆ, ಕರೆಂಟು ಸಾಮಾನಿನ ಅಂಗಡಿ. ಅವನ ಮನೆಯ ಕೋಣೆಕೋಣೆಯಲ್ಲೂ ಹೀಟರು. ಮನೆ ಬಂದೋಬಸ್ತು ಮಾಡಿದರೆ ಸಾಲದು, ಒಳಗೆ ಬಿಸಿಯೂ ಬೇಕು ಎಂದು ಹೆಂಡತಿ ಹೇಳಿದ್ದಕ್ಕೆ ಪಾರ್ಸಲಪ್ಪನವರು ಕಬ್ಬಿಣದ ಒಂದು ಕಟ್ಟಿಗೆ ಒಲೆ ತಂದು ನಡುಮನೆಯಲ್ಲಿ ಕೂರಿಸಿ, ಹೊಗೆಕೊಳವೆಯನ್ನು ಮಾಡಿನಾಚೆ ಹಾಯಿಸಿದರು. ಸುದ್ದಿ ತಿಳಿದ ಭಾವಮೈದ ಫೋನು ಮಾಡಿದ.

"ಭಾವಾ, ಕಟ್ಟಿಗೆ ಒಲೆ ಅಂತೆ? ಮುಂದಿನ ವರ್ಷ ಏನು, ಚಕಮಕಿ ಕಲ್ಲಾ?"

"ನಗಪ್ಪಾ, ನಗು. ಭಾನುವಾರ ಸಂಜೆ ಅತ್ತೇನ ಕರ್ಕೊಂಡು ಬಾ. ಪೆಟ್ಟಿಗೇನೂ ತಗೊಂಡೇ ಬಾ. ಅದು ವಾಪಸ್ ಹೋಗಲ್ಲ."

ಫೋನಿನ ಆ ಬದಿಯಿಂದ ಅತ್ತೆಯ ಧ್ವನಿ ಕೇಳಿಸಿತು: "ಅಳಿಯಂದ್ರೇ, ನನ್ನ ಮಂಡಿ ಏನು ಹೇಳುತ್ತೋ ಹಾಗೆ!"

ಮಂಡಿಯ ತೀರ್ಪಿಗೆ ಇನ್ನೂ ವಾರವಿತ್ತು. ಅಂದೇ ಪಾರ್ಸಲಪ್ಪನವರು ಒಲೆ ಹೊತ್ತಿಸಿದರು. ಕಡ್ಡಿ ಗೀರಿದರು, ಕಾಗದ ಹೊತ್ತಿತು, ಚಕ್ಕೆ ಹೊತ್ತಿತು. ಹೊಗೆ ಎದ್ದು ಕೊಳವೆಯ ಕಡೆ ಒಮ್ಮೆ ನೋಡಿ, ಮನಸ್ಸು ಬದಲಿಸಿ, ನೇರವಾಗಿ ಪಾರ್ಸಲಪ್ಪನವರ ಮುಖಕ್ಕೆ ಬಂತು.

"ರೀ! ಕಿಟಕಿ ತೆಗೀರಿ!" ಹೆಂಡತಿ ಕೂಗಿದರು.

"ಕಿಟಕೀನಾ? ಅದನ್ನ ತೆಗೆಯೋಕಾಗೋ ಹಾಗೆ ಮಾಡಿದ್ರೆ ಅದು ನನ್ನ ಕೆಲಸಾನಾ?" ಎಂದು ಕೆಮ್ಮಿನ ನಡುವೆಯೂ ಪಾರ್ಸಲಪ್ಪನವರು ಹೆಮ್ಮೆಪಟ್ಟರು.

"ಹಾಗಾದ್ರೆ ಅಡುಗೆಮನೆ ಫ್ಯಾನ್ ಹಾಕ್ತೀನಿ, ಹೊಗೇನೆಲ್ಲ ಹೊರಗೆ ತಳ್ಳುತ್ತೆ" ಎಂದು ಹೆಂಡತಿ ಓಡಿದರು. ಗೋಡೆಯ ಫ್ಯಾನು ಗಿರ್ರೆಂದಿತು. ಅಷ್ಟೇ ತಡ. ಒಲೆಯ ಬಾಯಿಂದ ಹೊಗೆ ಬಿಟ್ಟಿ ಸಿನಿಮಾಕ್ಕೆ ನುಗ್ಗುವ ಜನರಂತೆ ನುಗ್ಗಿತು. ಗಂಡನಿಗೆ ಹೆಂಡತಿ ಕಾಣಲಿಲ್ಲ, ಹೆಂಡತಿಗೆ ಗಂಡ ಕಾಣಲಿಲ್ಲ. ಬೈಗುಳ ಬರುವ ದಿಕ್ಕು ನೋಡಿಕೊಂಡು ಪಾರ್ಸಲಪ್ಪನವರು ದಾರಿ ಹಿಡಿದರು.

ಆಗ ಎದುರುಮನೆಯ ಮೇಷ್ಟ್ರು ಗದ್ದಲ ಕೇಳಿ ಬಾಗಿಲು ತಳ್ಳಿಕೊಂಡು ಬಂದರು. ನಿವೃತ್ತರು. ಬಾಗಿಲೇ ಇಲ್ಲದ ಶಾಲೆಯಲ್ಲಿ ಆಯುಷ್ಯವೆಲ್ಲ ಪಾಠ ಮಾಡಿದವರಾದ್ದರಿಂದ ಯಾವ ಮನೆಗೆ ಹೋದರೂ ಬಾಗಿಲು ಮುಚ್ಚುವ ಅಭ್ಯಾಸ ಅವರಿಗಿರಲಿಲ್ಲ. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಒಲೆ "ಧುಂ" ಎಂದಿತು. ಹೊಗೆ ಹಿಂದಿರುಗಿ ಕೊಳವೆಗೆ ಏರಿತು. ಕೆಂಪು ಜ್ವಾಲೆ ನೆಟ್ಟಗೆ ನಿಂತಿತು.

"ಏನ್ರೀ ಇದು ಗಲಾಟೆ? ಇಷ್ಟು ಚೆನ್ನಾಗಿ ಉರೀತಾ ಇದೆ!" ಎಂದರು ಮೇಷ್ಟ್ರು.

"ಈಗ ತಾನೇ ಹೊಗೆ ಇತ್ತು ಮೇಷ್ಟ್ರೇ! ದೇವರಾಣೆ!"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಒಲೆ ಹೊತ್ತಿಸೋಕೆ ತಾಳ್ಮೆ ಬೇಕು" ಎಂದು ಮೇಷ್ಟ್ರು ಕೈ ಕಾಯಿಸಿಕೊಂಡು ಹೋದರು. ಪಾರ್ಸಲಪ್ಪನವರು ಅವರ ಹಿಂದೆಯೇ ಬಾಗಿಲು ಭದ್ರವಾಗಿ ಹಾಕಿದರು. ಕಂಬಳಿಪಟ್ಟಿಯನ್ನು ಸಂದಿಗೆ ಒತ್ತಿ ತಿರುಗಿ ನೋಡುತ್ತಾರೆ, ಹೊಗೆ ಸೋಫಾದ ಮೇಲೆ ಕೂತಿದೆ.

ಮರುದಿನ ಒಲೆ ಅಂಗಡಿಯವನನ್ನು ಕರೆಸಿದರು. ಅವನು ಬಾಗಿಲು ತೆರೆದು, ಸಲಕರಣೆಯ ಚೀಲವನ್ನು ಹೊಸ್ತಿಲ ಮೇಲೇ ಇಟ್ಟು, ಅದು ಬಾಗಿಲಿಗೆ ಅಡ್ಡವಾಗಿ ನಿಂತಿರಲು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಲೆ ಅವನ ಮುಂದೆ ಹಸುವಿನ ಹಾಗೆ ವರ್ತಿಸಿತು.

"ಒಲೆ ಬಂಗಾರ ಸಾರ್. ನಿಮ್ಮ ಕಟ್ಟಿಗೆ ಹಸಿ ಇರಬೇಕು. ಇಲ್ಲಾಂದ್ರೆ ಕೊಳವೆ ಗಿಡ್ಡ. ಎರಡೂ ಇಲ್ಲಾಂದ್ರೆ…" ಅವನು ಪಾರ್ಸಲಪ್ಪನವರನ್ನು ಒಮ್ಮೆ ನೋಡಿದ. "ಎರಡರಲ್ಲಿ ಒಂದು ಇದ್ದೇ ಇರುತ್ತೆ ಬಿಡಿ."

ಕಟ್ಟಿಗೆ ಒಣಗಿಸುವ ಕೆಲಸ ಅಂದೇ ಶುರುವಾಯಿತು. ಪಾರ್ಸಲಪ್ಪನವರು ಸೌದೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಉಜ್ಜಿದರು, ಹೆಂಡತಿಯ ತಲೆ ಒಣಗಿಸುವ ಯಂತ್ರವನ್ನು ಅದಕ್ಕೆ ಹಿಡಿದರು. ಎರಡನೆಯ ದಿನ ಹೆಂಡತಿ ಹಾಸಿಗೆಯ ಹೊದಿಕೆ ಎತ್ತಿದರೆ ಅಲ್ಲಿ ಸಾಲಾಗಿ ಕೊರಡುಗಳು ಮಲಗಿದ್ದವು.

"ರೀ, ಇದೇನ್ರೀ?"

"ಒಣಗ್ತಾ ಇದೆ ಕಣೇ. ಮೈಬಿಸಿಗೆ ಬೇಗ ಒಣಗುತ್ತೆ."

"ಹಾಗಾದ್ರೆ ಇವತ್ತು ಅದರ ಜೊತೆಗೇ ಮಲಗಿ" ಎಂದು ಹೆಂಡತಿ ದಿಂಬು ಎತ್ತಿಕೊಂಡು ಸೋಫಾಕ್ಕೆ ನಡೆದರು.

ಕಟ್ಟಿಗೆ ಒಣಗಿ ಕಟಕಟ ಸದ್ದು ಮಾಡಿತು. ಹೊಗೆ ಮಾತ್ರ ಹಾಗೇ ಇತ್ತು. ಉಳಿದದ್ದು ಕೊಳವೆ. ಪಾರ್ಸಲಪ್ಪನವರು ಮಾಡು ಹತ್ತಿ ಒಂದು ತುಂಡು ಕೊಳವೆ ಸೇರಿಸಿದರು. ಹೊಗೆ ನಿಲ್ಲಲಿಲ್ಲ. ಇನ್ನೊಂದು ಸೇರಿಸಿದರು, ಮತ್ತೊಂದು ಸೇರಿಸಿದರು. ಬೀದಿಯ ಜನ ಕತ್ತು ಹಿಂದಕ್ಕೆ ಹಾಕಿ ನೋಡತೊಡಗಿದರು. ಕೊಳವೆ ಗಾಳಿಗೆ ಓಲಾಡಿದಾಗಲೆಲ್ಲ ಪಕ್ಕದ ಮನೆಯಾಕೆ ಒಣಹಾಕಿದ ಬಟ್ಟೆಯನ್ನು ಒಳಕ್ಕೆ ಒಯ್ಯುತ್ತಿದ್ದರು. ಈ ಹೊಗೆಕೊಳವೆಯ ಹಡಗು ಯಾವಾಗ ಹೊರಡುತ್ತದೆಂದು ಮೇಷ್ಟ್ರು ದಿನವೂ ವಿಚಾರಿಸುತ್ತಿದ್ದರು.

ಶುಕ್ರವಾರ ಸಂಜೆ, ಆ ಎತ್ತರದ ಕೊಳವೆಯಡಿ ಪಾರ್ಸಲಪ್ಪನವರು ಹೊಸ ಉತ್ಸಾಹದಿಂದ ಒಲೆ ಹೊತ್ತಿಸಿ ಬಾಗಿಲು ಬಿಗಿದರು. ಕೆಲವೇ ಹೊತ್ತಿನಲ್ಲಿ ಕಿಟಕಿಯ ಗಾಜು ಪೂರ್ತಿ ಬೂದು ಬಣ್ಣಕ್ಕೆ ತಿರುಗಿದ್ದನ್ನು ಕಂಡು ಪಕ್ಕದ ಮನೆಯಾಕೆ ಅಗ್ನಿಶಾಮಕ ಠಾಣೆಗೆ ಫೋನು ಮಾಡಿದರು. ಗಂಟೆ ಬಾರಿಸುತ್ತ ಬಂಡಿ ಬಂತು. ಠಾಣೆಯ ಸಾಹೇಬರು ಹೆಲ್ಮೆಟ್ಟು, ಬೂಟು, ಸೊಂಟಕ್ಕೊಂದು ಕೈಕೊಡಲಿ ಸಮೇತ ಇಳಿದರು. ಅವರ ಜನ ದಪ್ಪನೆಯ ನೀರಿನ ಪೈಪನ್ನು ಎಳೆದುಕೊಂಡು ಬಂದು ಬಾಗಿಲಿನ ಎರಡೂ ಕದಗಳನ್ನು ಧಡಾರನೆ ಗೋಡೆಗೆ ಬಡಿದು ಒಳನುಗ್ಗಿದರು.

ಒಲೆ ಈ ಸಲ "ಧುಂ" ಎನ್ನಲಿಲ್ಲ, ಭೋರ್ಗರೆಯಿತು. ಹೊಗೆಯ ಸುಳಿವೇ ಇಲ್ಲ. ಮನೆಯಲ್ಲಿ ಎಳೆಬಿಸಿಲಿನಂಥ ಬೆಳಕು.

"ಬೆಂಕಿ ಎಲ್ಲಿ?" ಸಾಹೇಬರು ಗುಡುಗಿದರು.

"ಒಲೆಯಲ್ಲಿ ಸಾರ್."

"ಹೊಗೆ ಎಲ್ಲಿ?"

"ಈಗ… ಕೊಳವೆಯಲ್ಲಿ ಸಾರ್."

"ಬೆಂಕಿ ಒಲೆಯಲ್ಲಿದೆ, ಹೊಗೆ ಕೊಳವೆಯಲ್ಲಿದೆ. ಇನ್ನು ನಾನು ನೀರು ಯಾರಿಗೆ ಹೊಡೀಬೇಕು? ನಿಮಗಾ?"

ಪಾರ್ಸಲಪ್ಪನವರು ಒಲೆಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಒಂದು ವಿಚಿತ್ರ ಕಾಂತಿ ಮೂಡುತ್ತಿತ್ತು. ಜಗತ್ತಿನ ದೊಡ್ಡ ದೊಡ್ಡ ತಪ್ಪುಗಳೆಲ್ಲ ಇಂಥ ಕಾಂತಿಯಿಂದಲೇ ಶುರುವಾಗಿವೆ. ಸಾಹೇಬರು ಹೋದ ಮೇಲೆ ಅವರು ಹೆಂಡತಿಯ ಕೈ ಹಿಡಿದು ಕುಣಿದರು.

"ಗೊತ್ತಾಯ್ತು ಕಣೇ! ಈ ಒಲೆ ಮರ್ಯಾದಸ್ಥ ಒಲೆ! ಮನೆಯವರ ಮುಂದೆ ಹೇಗೆ ಬೇಕಾದ್ರೂ ಇರುತ್ತೆ. ಹೊರಗಿನವರು ಬಂದ್ರೆ ಸಾಕು, ನೆಟ್ಟಗೆ ಕೂರುತ್ತೆ."

"ನಿಮ್ಮ ಹಾಗೇ ಅನ್ನಿ."

"ತಮಾಷೆ ಅಲ್ಲ! ಮೇಷ್ಟ್ರು ಒಬ್ಬರೇ ಬಂದ್ರು, ಚೆನ್ನಾಗಿ ಉರೀತು. ಅಂಗಡಿಯವ ಬಂದ, ಚೆನ್ನಾಗಿ ಉರೀತು. ಸಾಹೇಬ್ರು ಜನ ಕಟ್ಕೊಂಡು ಬಂದ್ರು, ಧಗಧಗ! ಅಂದ್ರೇನು? ಎಷ್ಟು ಜನವೋ ಅಷ್ಟು ಉರಿ! ಎಷ್ಟು ದೊಡ್ಡ ಜನವೋ ಅಷ್ಟು ದೊಡ್ಡ ಉರಿ!"

ಹೆಂಡತಿಗೆ ತಕರಾರು ಎತ್ತಬೇಕೆನಿಸಿತು. ಆದರೆ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವುದು ಹೇಗೆ? ಮೇಲಾಗಿ ತಾಯಿ ತನ್ನ ಮನೆಯಲ್ಲಿ ಒಂದು ಚಳಿಗಾಲ ಇರಲಿ ಎಂಬ ಆಸೆ ಆಕೆಗೂ ಗಂಟಲವರೆಗೆ ಇತ್ತು. "ಹಾಗಾದ್ರೆ ಎಲ್ಲರನ್ನೂ ಕರೀರಿ. ಚಹಾಕ್ಕೆ ಹಾಲು ಜಾಸ್ತಿ ತರಿಸ್ತೀನಿ" ಎಂದರು.

ಭಾನುವಾರ ಸಂಜೆ ಪಾರ್ಸಲಪ್ಪನವರ ನಡುಮನೆಯಲ್ಲಿ ಊರಿನ ಘನತೆಯೆಲ್ಲ ಸೇರಿತು. ಮೇಷ್ಟ್ರು ಬಂದರು. ಅಂಗಡಿಯವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಠಾಣೆಯ ಸಾಹೇಬರು, ಗೌರವದ ಆಹ್ವಾನವೆಂದು, ಕೈಕೊಡಲಿ ಸಮೇತ ಪೂರ್ತಿ ಸಮವಸ್ತ್ರದಲ್ಲಿ ಬಂದರು. ಪೋಸ್ಟ್‌ಮಾಸ್ಟರರೂ ಬಂದರು. ಅವರು ಜೀವಮಾನದಲ್ಲಿ ಯಾವ ಅರ್ಜಿಗೂ "ನೋಡೋಣ" ಎಂಬುದಕ್ಕಿಂತ ಹೆಚ್ಚು ಹೇಳಿದವರಲ್ಲ. ಒಬ್ಬೊಬ್ಬರು ಬಂದಂತೆ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಒಲೆ ಖುಷಿಯಿಂದ ಉರಿಯುತ್ತಿತ್ತು.

"ಏನ್ರೀ, ಚೆನ್ನಾಗಿದೆಯಲ್ಲ ನಿಮ್ಮ ಒಲೆ" ಎಂದರು ಮೇಷ್ಟ್ರು.

"ಇನ್ನೂ ಚೆನ್ನಾಗಾಗುತ್ತೆ, ನೋಡ್ತಾ ಇರಿ."

"ನೋಡೋಣ" ಎಂದರು ಪೋಸ್ಟ್‌ಮಾಸ್ಟರರು.

ಕೊನೆಗೆ ಅತ್ತೆ ಬಂದರು. ಮಗನ ತೋಳು ಹಿಡಿದು, ಶಾಲು ಹೊದ್ದು, ಹಿಂದಿನಿಂದ ಪೆಟ್ಟಿಗೆ. ಒಲೆಯ ಮುಂದಿನ ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. ಮಂಡಿಯನ್ನು ಒಮ್ಮೆ ಒತ್ತಿ ನೋಡಿಕೊಂಡರು. ಅವರ ಮುಖ ಅರಳಿತು.

"ಹಾಯಾಗಿದೆ ಅಳಿಯಂದ್ರೇ!"

ಭಾವಮೈದನ ಮುಖ ಇಷ್ಟುದ್ದವಾಯಿತು. ಪಾರ್ಸಲಪ್ಪನವರಿಗೆ ಆಕಾಶಕ್ಕೆ ಮೂರೇ ಗೇಣು. ಗೆಲುವು ಕೈಗೆ ಬಂದಾಗ ಸುಮ್ಮನೆ ಕೂರುವುದು ಜಾಣರ ಲಕ್ಷಣ. ಅವರು ಎದ್ದರು.

"ತಡೀರಿ ಅತ್ತೆ, ಬಾಗಿಲ ಕಡೆಯಿಂದ ಚಳಿ ಬರ್ತಾ ಇದೆ. ಈಗ ನೋಡಿ, ಒಂದೆಳೆ ಗಾಳಿ ಬರದ ಹಾಗೆ ಮಾಡ್ತೀನಿ!"

ಎಲ್ಲರೂ ನೋಡುತ್ತಿದ್ದಂತೆ ಅವರು ಬಾಗಿಲು ಹಾಕಿ ಹೊಸ ಕಂಬಳಿಪಟ್ಟಿಯನ್ನು ಎರಡು ಮಡಿಕೆಯಾಗಿ ತುರುಕಿದರು. ಸುತ್ತಿಗೆಯಿಂದ ಹೊಡೆದು ಕೂರಿಸಿದರು. ಮೇಲಿನಿಂದ ಕೆಳಗಿನವರೆಗೆ ಅಂಟುಕಾಗದ ಹಚ್ಚಿದರು. ಕೊನೆಗೆ ಅರಗು ಕರಗಿಸಿ ನಾಲ್ಕು ಮೂಲೆಗೂ ಸುರಿದು ಊದಿದರು. ಕಲಾವಿದನ ಕೈಚಳಕ. ಪೋಸ್ಟ್‌ಮಾಸ್ಟರರ ಕಣ್ಣಲ್ಲೂ ಮೆಚ್ಚುಗೆ ಮಿನುಗಿತು. ಅದೇ ಹೊತ್ತಿಗೆ ಹೆಂಡತಿ ಚಹಾಕ್ಕೆ ನೀರಿಟ್ಟು ಅಡುಗೆಮನೆಯ ಫ್ಯಾನು ಹಾಕಿದರು.

ಒಲೆ ಒಮ್ಮೆ ತೇಗಿತು. ಮೊದಲ ಹೊಗೆ ಠಾಣೆಯ ಸಾಹೇಬರ ಮೀಸೆಯ ಕೆಳಗಿನಿಂದ ಹಾದುಹೋಯಿತು. ಎರಡನೆಯದು ಮೇಷ್ಟ್ರ ಕನ್ನಡಕದ ಮೇಲೆ ಕೂತಿತು. ಆಮೇಲೆ ಬಂದದ್ದಕ್ಕೆ ಲೆಕ್ಕವಿಲ್ಲ.

"ಭಾವಾ!" ಭಾವಮೈದನ ಧ್ವನಿ. "ಇದು ಒಲೆಯೋ, ಸೊಳ್ಳೆ ಓಡಿಸೋ ಯಂತ್ರಾನೋ?"

"ಇಷ್ಟು ದೊಡ್ಡವರೆಲ್ಲ ಕೂತಿದ್ದಾರಲ್ಲ, ಈಗ ಸರಿಹೋಗುತ್ತೆ!" ಪಾರ್ಸಲಪ್ಪನವರು ಒಲೆಯ ಮುಂದೆ ಕೈಜೋಡಿಸಿ ನಿಂತರು. "ಸಾಹೇಬ್ರೇ, ಸ್ವಲ್ಪ ಮುಂದೆ ಬನ್ನಿ, ಅದಕ್ಕೆ ಕಾಣೋ ಹಾಗೆ! ಪೋಸ್ಟ್‌ಮಾಸ್ಟರ್ ಸಾರ್, ನೀವೂ ಬನ್ನಿ!"

"ನೋಡೋ…" ಎಂದರು ಪೋಸ್ಟ್‌ಮಾಸ್ಟರರು. ಅವರಿಗೆ ಏನೂ ಕಾಣುತ್ತಿರಲಿಲ್ಲ.

ಸಭೆಯನ್ನು ಹಿಡಿದು ನಿಲ್ಲಿಸಲು ಪಾರ್ಸಲಪ್ಪನವರ ಬಳಿ ಇನ್ನೊಂದೇ ಅಸ್ತ್ರ ಉಳಿದಿತ್ತು. "ಅತ್ತೆ, ಒಂದು ಸಲ ಏನಾಯ್ತು ಅಂದ್ರೆ, ಒಬ್ಬ ಬುಟ್ಟಿಯಲ್ಲಿ ಕೋಳಿ ತಂದ!" ಎಂದು ಶುರುಮಾಡಿದರು. ಕೆಮ್ಮುತ್ತ, ಕಣ್ಣೊರೆಸುತ್ತ, ಒಂದು ಶಬ್ದವನ್ನೂ ಬಿಡದೆ ಕೊನೆಯವರೆಗೂ ಹೇಳಿದರು. ಹೊಗೆಯೊಳಗಿಂದ "ಖಿ, ಖಿ, ಖಿ" ಎಂದು ಕೇಳಿಸಿತು. ಅವರ ಎದೆ ಹಿಗ್ಗಿತು.

ಅದು ಕೆಮ್ಮು. ಅತ್ತೆ ನಗಲಿಲ್ಲ. ಮೊಟ್ಟಮೊದಲ ಬಾರಿಗೆ ಅತ್ತೆ ಕೋಳಿಯ ಜೋಕಿಗೆ ನಗಲಿಲ್ಲ.

"ಏಳಮ್ಮಾ, ಮನೆಗೆ ಹೋಗೋಣ" ಎಂದ ಭಾವಮೈದ, ಪೆಟ್ಟಿಗೆ ಎತ್ತಿಕೊಂಡು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದರು. "ಏನು ಮಾಡೋದು ಅಳಿಯಂದ್ರೇ…" ಎಂದರು. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದೇ ಹೆಚ್ಚು ಚುಚ್ಚಿತು.

ಭಾವಮೈದ ಬಾಗಿಲು ಎಳೆದ. ಬಾಗಿಲು ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಹಿಡಿಕೆ ಬಂತು.

"ಭಾವಾ, ತೆಗೀರಿ ಇದನ್ನ!"

"ಅದು… ಅರಗು ಆರಿಬಿಟ್ಟಿದೆ."

"ಅಂದ್ರೆ?"

"ಒಮ್ಮೆ ಆರಿದ್ರೆ ನನ್ನ ಕೈಲೂ ಬಿಚ್ಚೋಕಾಗಲ್ಲ" ಎಂದರು ಪಾರ್ಸಲಪ್ಪನವರು. ಅಂಥ ಹೊತ್ತಿನಲ್ಲೂ ದನಿಯ ಒಂದು ಮೂಲೆಯಲ್ಲಿ ಹೆಮ್ಮೆ ಇಣುಕಿತು.

ಆಗ ಠಾಣೆಯ ಸಾಹೇಬರು ಎದ್ದರು. ನೀರು ಹೊಡೆಯಲು ಯಾರೂ ಸಿಗದೆ ಹಿಂದಿರುಗಿದ ಶುಕ್ರವಾರದ ಅವಮಾನ ಅವರ ತೋಳಿನಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. "ಎಲ್ಲರೂ ಹಿಂದೆ ಸರೀರಿ!" ಎಂದು ಗರ್ಜಿಸಿ ಕೈಕೊಡಲಿ ಸೆಳೆದರು. ಬಾಗಿಲಿನ ಕೆಳಗಿನ ಹಲಗೆಗೆ ಒಂದು ಏಟು, ಎರಡು ಏಟು. ಮೂರನೆಯದಕ್ಕೆ ಹಲಗೆ ಸೀಳಿ, ತಟ್ಟೆಯಷ್ಟು ಅಗಲದ ತೂತು ಬಿತ್ತು.

"ಸುಂಯ್ಯ್!"

ತೂತಿನಿಂದ ಗಾಳಿ ಸಿಳ್ಳೆ ಹಾಕಿಕೊಂಡು ಒಳಗೆ ನುಗ್ಗಿ, ನೆಲದ ಮೇಲೆ ಹರಿದು, ಎಲ್ಲರ ಪಾದ ಸವರಿ ಒಲೆಯ ಬಾಯಿಗೆ ಹೋಯಿತು. "ಧುಂ!" ಕೋಣೆಯ ಹೊಗೆಯೆಲ್ಲ ಒಲೆಯತ್ತ ತಿರುಗಿ ಕೊಳವೆ ಹತ್ತಿತು. ಮೊದಲು ಮೇಷ್ಟ್ರು ಕಾಣಿಸಿದರು, ಆಮೇಲೆ ಹಿಡಿಕೆ ಕೈಯಲ್ಲಿ ಹಿಡಿದ ಭಾವಮೈದ, ಆಮೇಲೆ ಬಾಯಿ ತೆರೆದ ಪೋಸ್ಟ್‌ಮಾಸ್ಟರರು. ಒಲೆ ಹಬ್ಬದಂತೆ ಉರಿಯುತ್ತಿತ್ತು.

ಅತ್ತೆ ನಿಧಾನವಾಗಿ ನಡೆದು ಹೋಗಿ, ಕುರ್ಚಿಯ ದಿಂಬನ್ನು ತೂತಿಗೆ ಅಡ್ಡ ಹಿಡಿದರು. ಒಲೆ ತೇಗಿ ಹೊಗೆ ಉಗುಳಿತು. ದಿಂಬು ತೆಗೆದರು. ಧುಂ. ಮತ್ತೆ ಇಟ್ಟರು, ಹೊಗೆ. ತೆಗೆದರು, ಧುಂ.

"ಅಳಿಯಂದ್ರೇ, ಈ ಮನೆಯೊಳಗೆ ಗಾಳಿ ಎಲ್ಲಿಂದ ಬರುತ್ತೆ?"

"ಗಾಳೀನಾ?" ಪಾರ್ಸಲಪ್ಪನವರು ಅಭ್ಯಾಸಬಲದಿಂದ ಎದೆಯುಬ್ಬಿಸಿದರು. "ಒಂದೆಳೆ ಗಾಳಿ ಬರ…" ಅಲ್ಲಿಗೆ ನಿಂತರು.

"ಅಯ್ಯೋ ನನ್ನ ತಲೆಗಿಷ್ಟು!" ಎಂದರು ಮೇಷ್ಟ್ರು. "ಹೊಗೆ ಮೇಲೆ ಹೋಗಬೇಕಾದ್ರೆ ಒಳಗೆ ಗಾಳಿ ಬರಬೇಕಲ್ರೀ. ಎಲ್ಲ ಕಡೆ ನೀವು ಮುಚ್ಚಿಟ್ಟಿದ್ದೀರಿ. ಅತ್ತ ಅಡುಗೆಮನೆ ಫ್ಯಾನು ಇದ್ದ ಗಾಳೀನೂ ಹೊರಗೆ ಎಳೀತಾ ಇದೆ. ಒಳಗೆ ಬರೋಕೆ ಉಳಿದ ದಾರಿ ಕೊಳವೆ ಒಂದೇ. ಗಾಳಿ ಅಲ್ಲಿಂದಲೇ ಇಳಿಯುತ್ತೆ, ಹೊಗೇನೂ ಹೊತ್ತುಕೊಂಡು!"

"ನಾವು ಬಂದಾಗೆಲ್ಲ ಬಾಗಿಲು ತೆರೆದಿರ್ತಿತ್ತು" ಎಂದ ಅಂಗಡಿಯವ, ಕೆನ್ನೆಗೆ ಹೊಡೆದುಕೊಂಡು. ಹೆಂಡತಿ ಓಡಿಹೋಗಿ ಫ್ಯಾನು ನಿಲ್ಲಿಸಿದರು. ಜ್ವಾಲೆ ಇನ್ನೂ ನೆಟ್ಟಗಾಯಿತು.

ಅತ್ತೆ ದಿಂಬು ಹಿಡಿದು ತೂತನ್ನು ನೋಡಿದರು, ಅರಗಿನ ಮುದ್ರೆಗಳನ್ನು ನೋಡಿದರು, ಕಣ್ಣು ಕೆಂಪಾಗಿ ಮುಖ ಕಪ್ಪಾಗಿ ನಿಂತ ಅಳಿಯನನ್ನು ನೋಡಿದರು. ಅವರ ಹೊಟ್ಟೆ ಅದುರಿತು. ಆಮೇಲೆ ಭುಜ ಅದುರಿತು.

"ಕೋಳಿ!" ಎಂದರು ಕಷ್ಟಪಟ್ಟು. "ಕೋಳಿಗಾದ್ರೂ ಬುಟ್ಟೀಲಿ ತೂತಿತ್ತಲ್ರೀ ಅಳಿಯಂದ್ರೇ! ನಮ್ಮನ್ನ ತೂತೂ ಇಲ್ಲದೆ ಪಾರ್ಸಲ್ ಮಾಡಿಬಿಟ್ರಲ್ಲಾ!"

ಹೊಟ್ಟೆ ಹಿಡಿದುಕೊಂಡು, ಕುರ್ಚಿಯ ಮೇಲೆ ಕುಸಿದು, ಕಣ್ಣೊರೆಸಿಕೊಂಡು ನಕ್ಕರು. ಹೆಂಡತಿ ನಕ್ಕರು, ಮೇಷ್ಟ್ರು ನಕ್ಕರು. ಕಚೇರಿಯಲ್ಲಿ ಕೋಳಿ ಎಂದೊಡನೆ ಏಳುತ್ತಿದ್ದ ಪೋಸ್ಟ್‌ಮಾಸ್ಟರರೂ ನಕ್ಕರು. ಪಾರ್ಸಲಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಅದಕ್ಕೆ ಹೊಗೆಯೇ ಕಾರಣ ಎಂದು ಆಮೇಲೆ ಹೇಳಿಕೊಂಡರು.

"ಆ ಪೆಟ್ಟಿಗೆ ಕೆಳಗಿಡೋ" ಎಂದರು ಅತ್ತೆ ಮಗನಿಗೆ. "ನಿನ್ನ ಹೀಟರಿನ ಮುಂದೆ ಕೂತು ನಾನು ಯಾರನ್ನ ನೋಡಿ ನಗಲಿ?"

ಭಾವಮೈದ ಪೆಟ್ಟಿಗೆಯನ್ನೂ ಬಾಗಿಲ ಹಿಡಿಕೆಯನ್ನೂ ಕೆಳಗಿಟ್ಟ. ಆಮೇಲೆ ಯಾರಿಗೂ ಹೊರಗೆ ಹೋಗಲು ದಾರಿಯಿಲ್ಲ ಎಂಬುದು ನೆನಪಾಗಿ ಸಾಹೇಬರು ಸಂತೋಷದಿಂದ ಮತ್ತೆ ಕೊಡಲಿ ಎತ್ತಿಕೊಂಡರು.

ಈಗ ಪಾರ್ಸಲಪ್ಪನವರ ಬಾಗಿಲು ಹೊಸದು. ಕೆಳಗಿನ ಹಲಗೆಯಲ್ಲಿ ಅವರೇ ಅಳತೆ ಮಾಡಿ ಕೊರೆಸಿದ ಒಂದು ತೂತಿದೆ, ಅದಕ್ಕೆ ತಂತಿಯ ಜಾಲರಿ. ಮನೆಗೆ ಬಂದವರನ್ನು ಇನ್ನೂ ಕೂರಿಸುವ ಮೊದಲೇ ಅವರು ಮೇಣದಬತ್ತಿ ಹಚ್ಚಿ ಆ ತೂತಿಗೆ ಹಿಡಿಯುತ್ತಾರೆ. "ನೋಡಿ, ಹೇಗೆ ಅಲ್ಲಾಡುತ್ತೆ! ಇಂಥ ಗಾಳಿ ಊರಲ್ಲಿ ಇನ್ಯಾರ ಮನೇಲಿದೆ ಹೇಳಿ!" ತಲೆದೂಗದೆ ಚಹಾ ಬರುವುದಿಲ್ಲ. ಜಾಲರಿಯ ಮೇಲೆ ಪಾರ್ಸಲಿನ ಅಚ್ಚುಕಟ್ಟಾದ ದುಂಡಕ್ಷರದಲ್ಲಿ ಬರೆದ ಒಂದು ಚೀಟಿ, ಅದರ ನಾಲ್ಕು ಮೂಲೆಗೂ ಅರಗು: "ಒಳಗೆ ಅತ್ತೆ ಇದ್ದಾರೆ. ದಯವಿಟ್ಟು ಮುಚ್ಚಬೇಡಿ."

ಅತ್ತೆ ಅದನ್ನು ದಿನಕ್ಕೊಮ್ಮೆಯಾದರೂ ಗಟ್ಟಿಯಾಗಿ ಓದಿ, ಹೊಸದಾಗಿ ಕಂಡಂತೆ ನಗುತ್ತಾರೆ.